ಮೀನಿಗೆ ಬೇರೆ ಬೇರೆ ಬೀಕರ್ ಇಲ್ಲ

ಮೊನ್ನೆ ಮನೆಯ ಔಷಧಿ ಡಬ್ಬ ಕ್ಲೀನ್ ಮಾಡುವಾಗ ಡೇಟ್ ಮುಗಿದ ಸಿರಪ್ ಒಂದು ಸಿಕ್ಕಿತು. ಸುಮ್ನೆ ಸಿಂಕಿಗೆ ಸುರಿದು ನಲ್ಲಿ ಬಿಟ್ಟೆ. ಕೈ ಒರೆಸಿಕೊಂಡ ಮೇಲೆ ನೆನಪಾಯಿತು, ನೀರಿನ ಕಸ ಮೀನಿಗೆ ಏನು ಮಾಡುತ್ತದೆ ಅಂತ ಲ್ಯಾಬಿನಲ್ಲಿ ಪರೀಕ್ಷಿಸುವ ಪುಟ್ಟ ಜೀಬ್ರಾ ಮೀನಿನ ಮೊಟ್ಟೆಯ ವಿಡಿಯೊ ನೋಡಿ "ಅಯ್ಯೋ ಪಾಪ" ಅಂತ ಕಾಮೆಂಟ್ ಹಾಕಿದವನು ನಾನೇ ಅಲ್ವಾ!

ಆ ಮೊಟ್ಟೆಯನ್ನು ಮೈಕ್ರೋಸ್ಕೋಪಿನಲ್ಲಿ ಒಮ್ಮೆ ನೋಡಬೇಕು. ಮಿಲಿಮೀಟರ್ ಆಸುಪಾಸಿನ ಗಾಜಿನ ಗೋಲಿ. ಒಳಗೆ ನಡೆಯುವುದೆಲ್ಲ ಹೊರಗೇ ಕಾಣುತ್ತದೆ. ಸುಮಾರು 24 ಗಂಟೆಗೆ ಹೃದಯ ಮಿಡಿಯಲು ಶುರು, ಎರಡು ಮೂರು ದಿನಕ್ಕೆ ಮರಿ ಹೊರಗೆ. ನೀರಿಗೆ ಹೊಳೆಯುವ ಬಣ್ಣದ ಪ್ಲಾಸ್ಟಿಕ್ ಕಣ ಬೆರೆಸಿದರೆ ದೊಡ್ಡವು ಮೊಟ್ಟೆಯ ಸಿಪ್ಪೆಗೆ ಅಂಟಿಕೊಳ್ಳುತ್ತವೆ. ಸಿಪ್ಪೆಯಲ್ಲಿ ಮೈಕ್ರಾನಿಗಿಂತಲೂ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಸಣ್ಣ ತೂತುಗಳಿವೆ, ಅದಕ್ಕಿಂತ ಸಣ್ಣ ಕಣ ಒಳಗೇ ಹೋಗುತ್ತದೆ. ಮೊದಲು ಮೊಟ್ಟೆಯ ಹಳದಿಗೆ, ಆಮೇಲೆ ಪಿತ್ತಜನಕಾಂಗ, ಹೃದಯ, ಮೆದುಳಿಗೂ. ಹೃದಯ ಬಡಿತ ನಿಧಾನವಾದದ್ದೂ ದಾಖಲಾಗಿದೆ.

ಇನ್ನು ಔಷಧಿ. ನಾವು ನುಂಗಿದ ಮಾತ್ರೆ ಪೂರ್ತಿ ಮೈಯಲ್ಲೇ ಉಳಿಯುವುದಿಲ್ಲ, ಒಂದಷ್ಟು ಮೂತ್ರದಲ್ಲಿ ಹೊರಬರುತ್ತದೆ. ಕೊಳಚೆ ನೀರು ಶುದ್ಧ ಮಾಡುವ ಘಟಕಗಳನ್ನು ಕಟ್ಟಿದ್ದು ಇದನ್ನು ಹಿಡಿಯುವುದಕ್ಕಲ್ಲ. ಕೆನಡಾದಲ್ಲಿ 260ನೇ ನಂಬರಿನ ಒಂದು ಕೆರೆ ಇದೆ. 2001ರಿಂದ 2003ರವರೆಗೆ ವಿಜ್ಞಾನಿಗಳು ಅದಕ್ಕೆ ಬೇಕೆಂದೇ ಗರ್ಭನಿರೋಧಕ ಮಾತ್ರೆಯ ಹಾರ್ಮೋನ್ ಹಾಕಿದರು. ಲೀಟರಿಗೆ 5-6 ನ್ಯಾನೋಗ್ರಾಂ, ಅಂದರೆ ನೂರು ಕೋಟಿ ಲೀಟರ್ ನೀರಿಗೆ ಐದಾರು ಗ್ರಾಂ! ಅಷ್ಟಕ್ಕೇ ಗಂಡು ಮೀನುಗಳ ಮೈಯಲ್ಲಿ ಮೊಟ್ಟೆಯ ಪ್ರೋಟೀನ್ ತಯಾರಾಯಿತು. ಅಲ್ಲಿನ ಒಂದು ಜಾತಿಯ ಪುಟ್ಟ ಮೀನು ಹೆಚ್ಚುಕಡಿಮೆ ಕಾಣೆಯಾಗುವ ಹಂತಕ್ಕೆ ಬಂತು.

ಈಗ ಎರಡೂ ಒಟ್ಟಿಗೆ ಬಂದರೆ? ಔಷಧಿ ಪ್ಲಾಸ್ಟಿಕ್ ಕಣಕ್ಕೆ ಅಂಟಿ, ಅದರ ಹೆಗಲೇರಿ ಮೀನಿನ ಹೊಟ್ಟೆ ಸೇರಬಹುದು. ಹಾಗಂತ ತೊಂದರೆ ಯಾವಾಗಲೂ ಜಾಸ್ತಿಯೇ ಆಗಬೇಕು ಅಂತಿಲ್ಲ. ಕೆಲವೊಮ್ಮೆ ಪ್ಲಾಸ್ಟಿಕ್ಕು ಔಷಧಿಯನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಅಂದರೆ ಮೀನಿಗೆ ತಾಗುವುದೇ ಕಡಿಮೆ. ಯಾವ ಪ್ಲಾಸ್ಟಿಕ್, ಎಷ್ಟು ಸವೆದದ್ದು, ಯಾವ ಔಷಧಿ, ನೀರು ಎಂಥದ್ದು, ಎಲ್ಲದರ ಮೇಲೂ ನಿಂತಿದೆ.

ನನ್ನ ತಕರಾರು ಇಲ್ಲೇ ಇರುವುದು. ಸುರಕ್ಷಿತ ಮಿತಿ ಗೊತ್ತುಮಾಡುವ ಪರೀಕ್ಷೆಗಳಲ್ಲಿ ಬಹುಪಾಲು ಒಂದೊಂದನ್ನೇ ನೋಡುತ್ತವೆ. ಒಂದು ಬೀಕರಿನಲ್ಲಿ ಔಷಧಿ, ಇನ್ನೊಂದರಲ್ಲಿ ಪ್ಲಾಸ್ಟಿಕ್, ಎರಡಕ್ಕೂ ಬೇರೆ ಬೇರೆ ರಿಪೋರ್ಟ್. ಅದೂ ಎಷ್ಟೋ ಪ್ರಯೋಗಗಳಲ್ಲಿ ಬಳಸುವುದು ಹೊಚ್ಚ ಹೊಸ, ಗುಂಡಗಿನ ಪಾಲಿಸ್ಟೈರೀನ್ ಅನ್ನುವ ಪ್ಲಾಸ್ಟಿಕ್ಕಿನ ಮಣಿ. ನದಿಯಲ್ಲಿ ಇರುವುದು ಬಿಸಿಲಿಗೆ ಬೆಂದು ಚೂರಾದ, ಮೇಲೆ ಲೋಳೆ ಹತ್ತಿದ ತುಂಡು. ಎಷ್ಟೋ ಸಲ ನಿಜವಾದ ನೀರಿನಲ್ಲಿ ಇರುವುದಕ್ಕಿಂತ ಜಾಸ್ತಿ ಪ್ರಮಾಣ ಹಾಕುತ್ತಾರೆ ಅನ್ನುವ ದೂರೂ ಸುಳ್ಳಲ್ಲ. ಸರಿ, ಹಾಗಾದರೆ ನಿಜವಾದ ಪ್ರಮಾಣದಲ್ಲೇ ಮಾಡಲಿ, ಆದರೆ ಎರಡನ್ನೂ ಒಂದೇ ಬೀಕರಿಗೆ ಹಾಕಿ ಮಾಡಲಿ, ಮರಿ ದೊಡ್ಡದಾಗಿ ಮೊಟ್ಟೆ ಇಡುವವರೆಗೂ ನೋಡಲಿ. ಎಷ್ಟೋ ಪರೀಕ್ಷೆಗಳ ಹಾಗೆ ನಾಲ್ಕು ದಿನಕ್ಕೆ ಲೆಕ್ಕ ಮುಗಿಸಿದರೆ ಹೇಗೆ?

ಉಳಿದ ಹಳೇ ಮಾತ್ರೆಗಳನ್ನು ಎಲ್ಲಿ ಹಾಕಬೇಕೋ ತಿಳಿಯದೆ ಒಂದು ಕವರಿನಲ್ಲಿ ಕಟ್ಟಿಟ್ಟಿದ್ದೇನೆ. ಪ್ಲಾಸ್ಟಿಕ್ ಕವರೇ. ನಗಬೇಡಿ.