ವಿಂಡೋಸ್ 7 ಇಟ್ಟುಕೊಳ್ಳಿ, ಅದರ ನೆಟ್ ತೆಗೆಯಿರಿ

"ಚೆನ್ನಾಗೇ ನಡೀತಿದೆಯಲ್ಲ ಸಾರ್, ಯಾಕೆ ಚೇಂಜ್ ಮಾಡ್ಬೇಕು?" ಹಳೇ ವಿಂಡೋಸ್ ಬಗ್ಗೆ ಮಾತೆತ್ತಿದರೆ ಝೆರಾಕ್ಸ್ ಅಂಗಡಿಯಿಂದ ಹಿಡಿದು ಆಡಿಟರ್ ಆಫೀಸಿನವರೆಗೂ ಇದೇ ಉತ್ತರ. ಈ ಮಾತಿಗೆ ನನ್ನ ತಕರಾರಿದೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ವಿಂಡೋಸ್ ಎಕ್ಸ್‌ಪಿಗೆ ಅಪ್‌ಡೇಟ್ ನಿಂತಿದ್ದು 2014ರ ಏಪ್ರಿಲ್‌ನಲ್ಲಿ. ವಿಂಡೋಸ್ 7ಕ್ಕೆ ನಮ್ಮಂಥ ಸಾಮಾನ್ಯ ಬಳಕೆದಾರರ ಮಟ್ಟಿಗೆ 2020ರ ಜನವರಿ 14ಕ್ಕೆ ನಿಂತಿತು. ವಿಂಡೋಸ್ 10ರ ಸರದಿ 2025ರ ಅಕ್ಟೋಬರ್ 14ಕ್ಕೆ ಬಂತು. ಮಾರನೇ ದಿನ ಸಿಸ್ಟಮ್ ಏನೂ ಕೆಟ್ಟುಹೋಗಲ್ಲ. ಎಂದಿನ ಹಾಗೆ ಆನ್ ಆಗುತ್ತೆ, ಪ್ರಿಂಟ್ ಬರುತ್ತೆ. ಹಾಗಾಗಿ ಏನೂ ತೊಂದರೆ ಇಲ್ಲ ಅಂತ ಜನ ನಂಬಿಬಿಡುತ್ತಾರೆ.

ಒಳಗೆ ನಡೆಯುವುದೇ ಬೇರೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಸೆಕ್ಯುರಿಟಿ ಪ್ಯಾಚ್, ಅಂದರೆ ಸುರಕ್ಷತೆಯ ತೂತು ಮುಚ್ಚುವ ತೇಪೆ, ಬಿಡುತ್ತದೆ. ಕಳ್ಳರು ಪ್ಯಾಚ್‌ಗೆ ಮುಂಚಿನ ಫೈಲನ್ನೂ ನಂತರದ ಫೈಲನ್ನೂ ಪಕ್ಕಪಕ್ಕ ಇಟ್ಟು ಏನು ಬದಲಾಯಿತು ಅಂತ ನೋಡುತ್ತಾರೆ. ಹಳೇ ವಿಂಡೋಸ್‌ನ ಎಷ್ಟೋ ಕೋಡ್ ಹೊಸದರಲ್ಲೂ ಹಾಗೇ ಇದೆ. ಅಂದರೆ ಹೊಸದಕ್ಕೆ ಹಾಕಿದ ತೇಪೆಯೇ ಹಳೆಯದರಲ್ಲಿ ತೂತು ಎಲ್ಲಿದೆ ಅಂತ ತೋರಿಸಿಕೊಡುತ್ತದೆ. ಆ ತೂತು ಮುಂದೆಂದೂ ಮುಚ್ಚುವುದಿಲ್ಲ.

ಫೈಲ್‌ಗಳನ್ನು ಒತ್ತೆ ಇಟ್ಟುಕೊಂಡು ದುಡ್ಡು ಕೇಳುತ್ತಿದ್ದ ವಾನಾಕ್ರೈ ವೈರಸ್ ನೆನಪಿದೆಯಾ? 2017ರ ಮಾರ್ಚ್ 14ಕ್ಕೆ ಪ್ಯಾಚ್ ಬಂದಿತ್ತು. ಏಪ್ರಿಲ್‌ನಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಗುಟ್ಟಾಗಿ ಇಟ್ಟುಕೊಂಡಿದ್ದ 'ಎಟರ್ನಲ್‌ಬ್ಲೂ' ಅನ್ನೋ ಅಸ್ತ್ರ ಸೋರಿ ಹೊರಗೆ ಬಂತು. ಮೇ 12ಕ್ಕೆ ದಾಳಿ. ಯಾರೂ ಯಾವ ಲಿಂಕನ್ನೂ ಒತ್ತಬೇಕಿರಲಿಲ್ಲ. ಫೈಲ್ ಶೇರಿಂಗ್‌ಗೆ ಅಂತ ಇರುವ 445ನೇ ಪೋರ್ಟ್ (ನೆಟ್‌ವರ್ಕಿನ ಬಾಗಿಲು) ತೆರೆದಿದ್ದರೆ ಸಾಕು, ಒಂದು ಸಿಸ್ಟಮ್‌ಗೆ ಹೊಕ್ಕಿದ್ದು ಅದೇ ನೆಟ್‌ವರ್ಕಿನ ಉಳಿದವಕ್ಕೂ ತಾನೇ ಹರಡುತ್ತಿತ್ತು. ಫೈಲ್‌ಗಳನ್ನೆಲ್ಲ ಲಾಕ್ ಮಾಡಿ, 300 ಡಾಲರ್ ಬಿಟ್‌ಕಾಯಿನ್ ಕೊಡಿ ಅಂತ ಕೆಂಪು ಪರದೆ ಬರುತ್ತಿತ್ತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳು ಮುಂದಕ್ಕೆ ಹೋದವು, ಆಂಬ್ಯುಲೆನ್ಸ್‌ಗಳನ್ನು ಬೇರೆ ಕಡೆ ಕಳಿಸಬೇಕಾಯಿತು. ನಮ್ಮ ಪಕ್ಕದಲ್ಲೇ ವಯನಾಡಿನ ಪಂಚಾಯ್ತಿ ಆಫೀಸು, ಆಂಧ್ರದ ಪೊಲೀಸರ ಕಂಪ್ಯೂಟರ್‌ಗಳಿಗೂ ತಗುಲಿತು.

ಆಗ ಏಟು ತಿಂದವುಗಳಲ್ಲಿ ಬಹುಪಾಲು ವಿಂಡೋಸ್ 7. ಅದಕ್ಕೆ ಪ್ಯಾಚ್ ಬಂದು ಎರಡು ತಿಂಗಳಾಗಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. ಈಗ ಹಾಕಿಕೊಳ್ಳೋಣ ಅಂದರೂ ಹೊಸ ತೂತುಗಳಿಗೆ ಪ್ಯಾಚೇ ಬರಲ್ಲ.

"ಆ್ಯಂಟಿವೈರಸ್ ಹಾಕ್ಸಿದೀನಿ" ಅಂತಾರೆ ಕೆಲವರು. ಒಳ್ಳೇದು. ಆದರೆ ಆಪರೇಟಿಂಗ್ ಸಿಸ್ಟಮ್‌ನಲ್ಲೇ ಇರುವ ತೂತನ್ನು ಅದು ಮುಚ್ಚಲ್ಲ. ಬ್ರೌಸರ್ ಕಥೆಯೂ ಅಷ್ಟೇ. ವಿಂಡೋಸ್ 7ರಲ್ಲಿ ಕ್ರೋಮ್ 109ಕ್ಕೇ ನಿಂತುಹೋಗಿದೆ.

ಹಾಗಂತ ಹಳೇ ಸಿಸ್ಟಮ್ ಇಟ್ಟುಕೊಂಡವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ನಮ್ಮ ಡಿಟಿಪಿ ಅಂಗಡಿಗಳನ್ನೇ ನೋಡಿ. ಸಿಪಿಯು ಹಿಂದೆ ಫಾಂಟ್ ಸಾಫ್ಟ್‌ವೇರಿನ ಡಾಂಗಲ್, ಅಂದರೆ ಅದು ನಡೆಯೋಕೆ ಬೇಕಾದ ಪುಟ್ಟ ಬೀಗದ ಕೈಯಂಥ ಸಾಧನ, ಸಿಕ್ಕಿಸಿರುತ್ತದೆ. ಅದು ಹೊಸ ವಿಂಡೋಸ್‌ನಲ್ಲಿ ನಡೆಯುತ್ತೋ ಇಲ್ಲವೋ ಅನ್ನೋ ಭಯ. ಪುಟ ಜೋಡಿಸುವ ಸಾಫ್ಟ್‌ವೇರ್ ಪೇಜ್‌ಮೇಕರ್ 7 ಬಂದಿದ್ದು 2001ರಲ್ಲಿ, ಅದರ ಮುಂದಿನದು ಬರಲೇ ಇಲ್ಲ. ಹತ್ತಾರು ವರ್ಷಗಳ ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆ ಕರಪತ್ರ ಎಲ್ಲ ಹಳೇ ಫಾಂಟ್‌ನಲ್ಲೇ ಕೂತಿವೆ. ಅದನ್ನು ಬಿಡಿ ಅನ್ನೋದು ಅವರ ಹೊಟ್ಟೆಪಾಡಿನ ಪ್ರಶ್ನೆ.

ನನಗೆ ಸಂಕಟ ಆಗೋದು ಅದೇ ಸಿಸ್ಟಮ್‌ನಲ್ಲಿ ವಾಟ್ಸಾಪ್ ವೆಬ್ ತೆರೆದಿರುತ್ತದಲ್ಲ, ಅದನ್ನು ನೋಡಿದಾಗ. ಯಾರೋ ಅಜ್ಜಿ ಪಿಂಚಣಿ ಅರ್ಜಿಗೆ ಅಂತ ಆಧಾರ್, ಪಾಸ್‌ಬುಕ್ಕಿನ ಫೋಟೋ ಕಳಿಸಿರುತ್ತಾರೆ. ಪ್ರಿಂಟ್ ಆಯ್ತು, ದುಡ್ಡು ಕೊಟ್ಟು ಹೋದರು. ಫೋಟೋ ಮಾತ್ರ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿಯಿತು. ಹಾಗೆ ಊರಿಡೀ ಜನರ ದಾಖಲೆ ಅಲ್ಲಿ ಬಿದ್ದಿರುತ್ತದೆ. ಇಲ್ಲಿ ಅಪಾಯ ಅಂಗಡಿಯವರೊಬ್ಬರದಲ್ಲ, ಆ ಅಜ್ಜಿಯದೂ ಹೌದು. ಅವರನ್ನು ಯಾರೂ ಕೇಳಿಲ್ಲ, ಅಲ್ವಾ?

ಹಾಗಾಗಿ ನಾನು ಹೇಳೋದು ಇಷ್ಟೇ. ಪೇಜ್‌ಮೇಕರ್ ಸಿಸ್ಟಮ್ ಇರಲಿ, ಅದರ ನೆಟ್ ಕೇಬಲ್ ಕಿತ್ತುಬಿಡಿ, ವೈಫೈ ತೆಗೆಸಿ. ವಾಟ್ಸಾಪ್, ಮೇಲ್, ಆನ್‌ಲೈನ್ ಅರ್ಜಿಗೆ ಬೇರೆ ಸಿಸ್ಟಮ್ ಇಡಿ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತೆ, ಅಪ್‌ಡೇಟ್ ಬರುವಂಥದ್ದಾಗಿರಬೇಕು. ಎರಡರ ನಡುವೆ ಓಡಾಡುವ ಪೆನ್‌ಡ್ರೈವ್ ಅನ್ನು ಹೊಸದರಲ್ಲಿ ಸ್ಕ್ಯಾನ್ ಮಾಡದೆ ಹಳೆಯದಕ್ಕೆ ಹಾಕಬೇಡಿ.

ವಿಂಡೋಸ್ 10 ಇರುವವರಿಗೆ 2026ರ ಅಕ್ಟೋಬರ್‌ವರೆಗೆ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ತಾನಾಗೇ ಬರಲ್ಲ, ನೋಂದಾಯಿಸಿಕೊಳ್ಳಬೇಕು. ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಗಟ್ಟಿಮುಟ್ಟಾದ ಸಿಸ್ಟಮ್‌ಗಳಿಗೆ ವಿಂಡೋಸ್ 11 ಸಿಗದಂತೆ ಮಾಡಿದ್ದು ನನ್ನ ಪ್ರಕಾರ ಅನ್ಯಾಯ. ಅಂಥ ಸಿಸ್ಟಮ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿಸಿ. ಯುನಿಕೋಡ್ ಕನ್ನಡ ಆರಾಮಾಗಿ ಟೈಪ್ ಮಾಡಬಹುದು.

2018ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್, ಅಪ್‌ಡೇಟ್ ನಿಂತ ಆಪರೇಟಿಂಗ್ ಸಿಸ್ಟಮ್ ಇರುವ ಎಟಿಎಂಗಳನ್ನೆಲ್ಲ 2019ರ ಜೂನ್ ಒಳಗೆ ಹಂತಹಂತವಾಗಿ ಬದಲಿಸಿ ಅಂತ ಬ್ಯಾಂಕುಗಳಿಗೆ ಗಡುವು ಕೊಟ್ಟಿತ್ತು. ದುಡ್ಡಿಗೆ ಆ ಕಾಳಜಿ ಇದ್ದರೆ ಜನರ ದಾಖಲೆಗೂ ಇರಬೇಕು. ಆಧಾರ್ ಪ್ರತಿ ತೆಗೆದುಕೊಳ್ಳುವ ಸೇವಾ ಕೇಂದ್ರಗಳಿಗೆ ಅನುಮತಿ ಕೊಡುವಾಗ ಸರ್ಕಾರ ಅಲ್ಲಿನ ವಿಂಡೋಸ್ ಯಾವುದು ಅಂತ ನೋಡಲಿ. ಹಳೆಯದಾಗಿದ್ದರೆ ಬದಲಿಸೋಕೆ ಸಣ್ಣ ಸಾಲವನ್ನೂ ಕೊಡಲಿ.