ಸತ್ಯಾಂಶ: ದ್ರವರೂಪದ ಧಾತು ಪಾದರಸ ಒಂದೇ ಅಲ್ಲ

ಧಾರವಾಡದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಸಾಲು ಹರಿದಾಡುತ್ತಲೇ ಇರುತ್ತದೆ: ‘ಕೋಣೆಯ ತಾಪಮಾನದಲ್ಲಿ ದ್ರವವಾಗಿರುವ ಏಕೈಕ ಧಾತು ಪಾದರಸ.’ ಇದು ಅರ್ಧ ಸತ್ಯ. ‘ಧಾತು’ ಇರುವಲ್ಲಿ ‘ಲೋಹ’ ಎಂದು ತಿದ್ದಿಕೊಂಡರೆ ಸರಿ. ಅಲೋಹಗಳಲ್ಲಿ ಆ ಸ್ಥಾನ ಬ್ರೋಮಿನ್‌ನದು. ಅದು ಮೈನಸ್ 7.2 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಸುಮಾರು 59 ಡಿಗ್ರಿಯಲ್ಲಿ ಕುದಿಯುತ್ತದೆ. ಹುಬ್ಬಳ್ಳಿಯ ಚಳಿಯೂ ಬಿಸಿಲೂ ಈ ಎರಡರ ನಡುವೆಯೇ.

ಬಿಗಿಯಾಗಿ ಮುಚ್ಚಿದ ಗಾಜಿನ ಕೊಳವೆಯಲ್ಲಿ ನೋಡಿದರೆ ತಳದಲ್ಲಿ ಕಡುಗೆಂಪು ಮಿಶ್ರಿತ ಕಂದು ದ್ರವ, ಅದರ ಮೇಲೆ ಕಿತ್ತಳೆಗಂದು ಹೊಗೆ. ಕುದಿಯುವ ಮೊದಲೇ ಆವಿಯಾಗುವ ಸ್ವಭಾವ ಅದರದು. ಆ ಆವಿ ಕಣ್ಣು, ಗಂಟಲನ್ನು ಸುಡುತ್ತದೆ. 1826ರಲ್ಲಿ ಫ್ರಾನ್ಸಿನ ಆಂಟೊಯ್ನ್ ಬಲಾರ್ ಮೋಂಪೆಲ್ಯೆ ಪ್ರದೇಶದ ಉಪ್ಪುನೀರಿನಿಂದ ಇದನ್ನು ಬೇರ್ಪಡಿಸಿ ‘ಮ್ಯೂರೈಡ್’ ಎಂದು ಕರೆಯಲು ಹೊರಟಿದ್ದರು. ಫ್ರೆಂಚ್ ವಿಜ್ಞಾನ ಅಕಾಡೆಮಿ ಅದನ್ನು ಒಪ್ಪದೆ, ದುರ್ವಾಸನೆ ಎಂಬ ಅರ್ಥದ ಗ್ರೀಕ್ ಪದ ‘ಬ್ರೋಮೋಸ್’ನಿಂದ ಹೆಸರು ಕೊಟ್ಟಿತು. ಮೂಗುಳ್ಳವರ ತೀರ್ಮಾನ!

ಗ್ಯಾಲಿಯಂ ಲೋಹ 29.8 ಡಿಗ್ರಿಗೇ ಕರಗುವುದರಿಂದ ಏಪ್ರಿಲ್ ಮಧ್ಯಾಹ್ನದ ಗದಗಿನಲ್ಲಿ ಅದೂ ದ್ರವವೇ. ಆದರೆ ಪಠ್ಯಗಳ ಕೋಣೆಯ ತಾಪಮಾನ ಸಾಮಾನ್ಯವಾಗಿ 25 ಡಿಗ್ರಿ. ಆಯ್ಕೆಗಳಲ್ಲಿ ಪಾದರಸ, ಬ್ರೋಮಿನ್ ಎರಡೂ ಇದ್ದರೆ, ಕೇಳಿರುವುದು ಲೋಹವನ್ನೋ ಅಲೋಹವನ್ನೋ ಎಂದು ನೋಡಿ ಗುರುತು ಹಾಕಿ.