ಮೆಷಿನ್ ಬಂತು, ಮೆಕ್ಯಾನಿಕ್ ಎಲ್ಲಿ?

ಹೋದ ತಿಂಗಳು ಅಕ್ಕನ ಮಗ ಮದ್ದೂರಿನಿಂದ ಫೋನ್ ಮಾಡಿದ. "ಮಾವ, ಚಿಕ್ತಾತಂಗೆ ಇವತ್ತೂ ಕರೆಂಟ್ ಕೊಡ್ಲಿಲ್ಲ. ಮೆಷಿನ್ ಕೆಟ್ಟೋಗದಂತೆ. ಸೋಮವಾರ ಬನ್ನಿ ಅಂದ್ರು." ನಮ್ಮ ಚಿಕ್ಕಪ್ಪನಿಗೆ ಗಂಟಲು ಕ್ಯಾನ್ಸರ್. ದಿನಾ ಮೈಸೂರಿಗೆ ಕರೆದುಕೊಂಡು ಹೋಗಿ ರೇಡಿಯೇಷನ್ ಕೊಡಿಸುತ್ತಿದ್ದರು, ನಮ್ಮ ಕಡೆ ಅದಕ್ಕೇ ಕರೆಂಟ್ ಕೊಡೋದು ಅನ್ನುತ್ತಾರೆ. ಹುಡುಗನ ದನಿಯಲ್ಲಿ ಸಿಟ್ಟಿಲ್ಲ, ಗಾಬರಿಯೂ ಇಲ್ಲ. ಬರುವಾಗ ಚಿಕ್ತಾತಂಗೆ ಎಳನೀರು ಕುಡಿಸಿಕೊಂಡು ಬಂದ್ವಿ ಅಂದ. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ.

ಯಾಕೆಂದರೆ ಇಂಗ್ಲೆಂಡಿನಲ್ಲಿ ನನ್ನ ಹೊಟ್ಟೆಪಾಡೇ ಈ ಮೆಷಿನ್‌ಗಳ ರಿಪೇರಿ. ಇಲ್ಲಿ ಮೆಷಿನ್ ನಿಂತರೆ ಮೊದಲು ಫೋನ್ ಹೋಗೋದು ರೋಗಿಯ ಮನೆಗೆ. ಪಕ್ಕದ ಕೋಣೆಯಲ್ಲಿ ಅದೇ ಅಳತೆಗೆ ಹೊಂದಿಸಿಟ್ಟ ಇನ್ನೊಂದು ಮೆಷಿನ್ ಇರುತ್ತದೆ, ಅಲ್ಲಿಗೆ ಕಳಿಸುತ್ತಾರೆ. ಅದೂ ಆಗದಿದ್ದರೆ ಶನಿವಾರ ಕರೆಯುತ್ತಾರೆ. ಇಲ್ಲವೇ ಒಂದೇ ದಿನ ಆರು ಗಂಟೆ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ಗಂಟಲು, ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗಳಲ್ಲಿ ಚಿಕಿತ್ಸೆ ಮುಗಿಯೋದು 2 ದಿನಕ್ಕಿಂತ ಜಾಸ್ತಿ ತಡವಾಗಬಾರದು ಅಂತ ಇಲ್ಲಿನ ಡಾಕ್ಟರುಗಳು ಗೆರೆ ಎಳೆದಿದ್ದಾರೆ. ಗ್ಯಾಪ್ ಸಿಕ್ಕರೆ ಉಳಿದ ಕ್ಯಾನ್ಸರ್ ಜೀವಕೋಶಗಳು ಮತ್ತೆ ಬೆಳೆಯುತ್ತವೆ. ತಲೆ-ಕುತ್ತಿಗೆ ಕ್ಯಾನ್ಸರ್ ಹತೋಟಿಗೆ ಬರುವ ಸಾಧ್ಯತೆ, ತಡವಾದ ಒಂದೊಂದು ದಿನಕ್ಕೂ ಸುಮಾರು ಶೇಕಡಾ 1.4ರಷ್ಟು ಇಳಿಯುತ್ತದೆ ಅನ್ನೋದು ಲೆಕ್ಕ. "ಸೋಮವಾರ ಬನ್ನಿ" ಅನ್ನುವವರಿಗೆ ಇದು ಗೊತ್ತಿಲ್ಲವಾ? ಗೊತ್ತಿದೆ. ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ನಮ್ಮ ಮಂಡ್ಯದವರಿಗೆ ಇದು ಅರ್ಥವಾಗದ ವಿಷಯವೇನಲ್ಲ. ಆಲೆಮನೆಯಲ್ಲಿ ಗಾಣ ನಿಂತರೆ ಯಾರಾದರೂ ಸೋಮವಾರದವರೆಗೆ ಕಾಯುತ್ತಾರಾ? ಕಡಿದ ಕಬ್ಬು ಒಣಗುತ್ತದೆ ಅಂತ ರಾತ್ರೋರಾತ್ರಿ ಮೆಕ್ಯಾನಿಕ್‌ನ ಹಾಸಿಗೆಯಿಂದ ಎಬ್ಬಿಸಿಕೊಂಡು ಬರುತ್ತಾರೆ.

ಹೊರದೇಶಗಳ ನೆರವಿನಿಂದ ಬಡದೇಶಗಳಿಗೆ ರೇಡಿಯೋಥೆರಪಿ ತರುವ ಮಾತು ಬಂದಾಗಲೆಲ್ಲ ನನಗೆ ಈ ಮೆಕ್ಯಾನಿಕ್ ನೆನಪಾಗುತ್ತಾನೆ. ಉಗಾಂಡದಲ್ಲಿ ಇಡೀ ದೇಶಕ್ಕೆ ಇದ್ದದ್ದು ಒಂದೇ ಕೋಬಾಲ್ಟ್ ಮೆಷಿನ್ (ವಿಕಿರಣ ಸೂಸೋ ಕೋಬಾಲ್ಟ್ ಲೋಹದಿಂದ ಕಿರಣ ಕೊಡುವಂಥದ್ದು), ಕಂಪಾಲದ ಮುಲಾಗೋ ಆಸ್ಪತ್ರೆಯಲ್ಲಿ. 1995ರದ್ದು. 2016ರಲ್ಲಿ ಅದು ರಿಪೇರಿಗೂ ಬಾರದ ಹಾಗೆ ಕೆಟ್ಟಿತು. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನೆರವು ಇದ್ದೂ ಹೊಸದು ಶುರುವಾಗಲು ಒಂದೂವರೆ ವರ್ಷದ ಮೇಲಾಯಿತು. ಅಷ್ಟು ದಿನ ಕೈಯಲ್ಲಿ ಕಾಸಿದ್ದವರು ನೈರೋಬಿಗೆ ಹೋದರು. ಇಲ್ಲದವರ ಕಥೆ ಬರೆಯಬೇಕಾಗಿಲ್ಲ ಅಲ್ವಾ.

ಕೋಬಾಲ್ಟ್ ಬಡಪಾಯಿ ಮೆಷಿನ್. ಕರೆಂಟ್ ಹೋಗಿ ಬಂದರೂ ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ 5 ವರ್ಷ ಚಿಲ್ಲರೆಗೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ, ಅದೇ ಡೋಸಿಗೆ ರೋಗಿ ಎರಡರಷ್ಟು ಹೊತ್ತು ಮಲಗಬೇಕು. ಈಗ ಎಲ್ಲರಿಗೂ ಬೇಕಾಗಿರೋದು ವಿದ್ಯುತ್ತಿನಿಂದಲೇ ಕಿರಣ ಹುಟ್ಟಿಸೋ ಲೀನಿಯರ್ ಆಕ್ಸಿಲರೇಟರ್. ನಾನು ದಿನಾ ಬಿಚ್ಚೋ ಒಂದರ ತಲೆಯೊಳಗೆ ಟಂಗ್‌ಸ್ಟನ್‌ನ 120 ತೆಳು ಪಟ್ಟಿಗಳಿವೆ. ಗಡ್ಡೆಯ ಆಕಾರಕ್ಕೆ ಕಿರಣವನ್ನು ಕತ್ತರಿಸೋದು ಅವೇ. ಒಂದೊಂದಕ್ಕೂ ಬೆರಳಿಗಿಂತ ಸಣ್ಣ ಮೋಟರು. ಒಂದು ಪಟ್ಟಿ ಸಿಕ್ಕಿಕೊಂಡರೆ ಕೋಟಿಗಟ್ಟಲೆ ಬೆಲೆಯ ಮೆಷಿನ್ ಸುಮ್ನೆ ನಿಲ್ಲುತ್ತದೆ. ಮೋಟರು ನನ್ನ ಕಪಾಟಿನಲ್ಲಿದ್ದರೆ ಮಧ್ಯಾಹ್ನದ ಹೊತ್ತಿಗೆ ಸರಿ. ಅದು ವಿಮಾನದಲ್ಲಿ ಬರಬೇಕು, ಕಸ್ಟಮ್ಸ್‌ನಲ್ಲಿ ಬಿಡಿಸಬೇಕು, ಕಂಪನಿಯವನು ಬಂದು ಪಾಸ್‌ವರ್ಡ್ ಹಾಕಬೇಕು ಅಂದರೆ ರೋಗಿಯ ವಾರಗಳು ಹೋದವು.

ಟೇಪ್ ಕತ್ತರಿಸುವ ದಿನ ಎಲ್ಲರೂ ಇರುತ್ತಾರೆ. ಮೂರನೇ ವರ್ಷ ವಾರಂಟಿ ಮುಗಿದ ಮೇಲೆ ಸರ್ವೀಸ್ ದುಡ್ಡು ಯಾರು ಕಟ್ಟಬೇಕು ಅನ್ನೋ ಫೈಲು ಮೇಜಿನಿಂದ ಮೇಜಿಗೆ ಓಡಾಡುತ್ತದೆ. ನನ್ನ ಕೇಳಿದರೆ, ನೆರವು ಕೊಡೋ ದೇಶ ಮೆಷಿನ್ ಕಳಿಸೋಕೆ ಮೊದಲು ಆ ಊರಿನ ಇಬ್ಬರು ಹುಡುಗರನ್ನು ಕರೆಸಿಕೊಂಡು ನನ್ನಂಥವನ ಪಕ್ಕದಲ್ಲಿ ಒಂದು ವರ್ಷ ಕೂರಿಸಲಿ. ಸ್ಪ್ಯಾನರ್ ಹಿಡಿಯೋದು ವಿಡಿಯೋ ಕಾಲ್‌ನಲ್ಲಿ ಬರುವುದಿಲ್ಲ. ಜಿನೀವಾದ ಸರ್ನ್ ಭೌತವಿಜ್ಞಾನ ಕೇಂದ್ರದವರೂ ಇಂಗ್ಲೆಂಡಿನ ಕೆಲವು ಯೂನಿವರ್ಸಿಟಿಗಳೂ ಸೇರಿ ಸ್ಟೆಲ್ಲಾ ಅನ್ನೋ ಯೋಜನೆಯಲ್ಲಿ ಕರೆಂಟ್ ಏರುಪೇರು ತಡೆದುಕೊಳ್ಳುವ, ಸುಲಭವಾಗಿ ರಿಪೇರಿ ಆಗುವ ಮೆಷಿನ್‌ಗಾಗಿ ಕೆಲಸ ಮಾಡುತ್ತಿದ್ದಾರೆ. ಒಳ್ಳೆಯದೇ. ಹುಡುಗರು ಆಗಲೂ ಬೇಕು.

ಕಸ್ಟಮ್ಸ್ ಇಲ್ಲದೆ ಬರೋ ನೆರವೂ ಒಂದಿದೆ. ಸ್ತನ ಕ್ಯಾನ್ಸರ್‌ಗೆ 3 ವಾರದಲ್ಲಿ 15 ಸಲ ಕೊಡುತ್ತಿದ್ದುದನ್ನು 1 ವಾರದಲ್ಲಿ 5 ಸಲ ಕೊಟ್ಟರೂ ಸಾಕು ಅಂತ 2020ರಲ್ಲಿ ಬ್ರಿಟನ್ನಿನವರು ತೋರಿಸಿದರು. ಮಳವಳ್ಳಿಯಿಂದ ಮೈಸೂರಿಗೆ ಬಸ್ಸಿನಲ್ಲಿ ಓಡಾಡೋ ಹೆಂಗಸಿಗೆ ಹತ್ತು ದಿನದ ಬಸ್ ಚಾರ್ಜು, ಕೂಲಿ ಉಳಿಯಿತು. ಚಿಕ್ಕಪ್ಪನ ಗಂಟಲಿಗೆ ಈ ಲೆಕ್ಕ ಒಪ್ಪಲ್ಲ, ಅದು ಬೇರೆ ಮಾತು.

ಊರನ್ನು ಇಷ್ಟು ಬೈದೆ. ಹೇಳಬೇಕಾದ್ದು ಹೇಳಿಬಿಡುತ್ತೇನೆ. ನಮ್ಮವರು ಬರೀ ಕೈಯೊಡ್ಡಿ ನಿಂತವರಲ್ಲ. ಭಾಭಾ ಅಣುಸಂಶೋಧನಾ ಕೇಂದ್ರ ರೂಪಿಸಿ ಬೆಂಗಳೂರಿನ ಕಂಪನಿ ತಯಾರಿಸಿದ ಭಾಭಾಟ್ರಾನ್ ಕೋಬಾಲ್ಟ್ ಮೆಷಿನ್ನನ್ನು ಭಾರತವೇ ವಿಯೆಟ್ನಾಮಿಗೆ ಕೊಟ್ಟಿದೆ. ಇನ್ನೊಂದು. ಬಯಾಪ್ಸಿ ರಿಪೋರ್ಟ್ ಬಂದ ಮೇಲೆ ಚಿಕ್ಕಪ್ಪನ ಮುಖಕ್ಕೆ ಬಲೆಯಂಥ ಮಾಸ್ಕ್ ಮಾಡಿ ಮೆಷಿನ್ ಮೇಲೆ ಮಲಗಿಸೋಕೆ ಮೈಸೂರಿನವರು ತಡ ಮಾಡಲಿಲ್ಲ. ಇಲ್ಲಿ ಇಂಗ್ಲೆಂಡಿನಲ್ಲಿ ಡಾಕ್ಟರು ತುರ್ತು ಅಂತ ಚೀಟಿ ಬರೆದ ದಿನದಿಂದ 62 ದಿನದೊಳಗೆ ಚಿಕಿತ್ಸೆ ಶುರುವಾಗಬೇಕು ಅನ್ನೋದು ಗುರಿ. ಅದನ್ನು ಮುಟ್ಟಲಾಗದೆ ವರ್ಷಗಳೇ ಆಗಿವೆ. ಮೆಷಿನ್ ಎಷ್ಟು ಗಂಟೆ ಓಡಿತು, ಎಷ್ಟು ಗಂಟೆ ನಿಂತಿತು ಅಂತ ನಾನು ತಿಂಗಳು ತಿಂಗಳು ಬರೆದು ಸಹಿ ಹಾಕುತ್ತೇನೆ. ಸರದಿಗೆ ಕಾಯುತ್ತಾ ಮನೆಯಲ್ಲಿ ಕೂತವರಿಗೆ ಆ ಹಾಳೆಯಲ್ಲಿ ಕಾಲಂ ಇಲ್ಲ.